ಕುಳವಾಡಿ ಮಾನ್ಯದ ಚೆಕ್ಕುಬಂದಿ

ಆ ವಿಚಾರಣೆಯ ದಿನ ಏನೇನು ಕೆಡಬಹುದು ಎಂದು ಹದಿನೈದು ದಿನ ಮೊದಲೇ ಯೋಚಿಸಿಟ್ಟುಕೊಂಡಿದ್ದೆ. ಸಿರಾದಿಂದ ಬರುವ ಇದ್ದಿಲು ಗ್ಯಾಸಿನ ಬಸ್ಸು ದಾರಿಯಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಡಬಹುದು. ಬಸ್ಸು ಬಂದರೂ ದಸ್ತಗೀರ್ ಸಾಹೇಬರು ಅದರಲ್ಲಿ ಇಲ್ಲದಿರಬಹುದು. ಸಾಹೇಬರು ಬಂದರೂ ಬಿದಿರಿನ ಕೊಳವೆಯನ್ನು ಮನೆಯಲ್ಲೇ ಮರೆತಿರಬಹುದು. ಕೊಳವೆ ತಂದರೂ ಒಳಗಿನ ಕಾಗದವನ್ನು ಹುಳು ತಿಂದಿರಬಹುದು. ಕಾಗದ ನೆಟ್ಟಗಿದ್ದರೂ ಅಮಲ್ದಾರರ ಹೊಟ್ಟೆ ನೆಟ್ಟಗಿಲ್ಲದಿರಬಹುದು. ಅವರ ಹೊಟ್ಟೆ ಕೆಟ್ಟ ದಿನ ತಾಲ್ಲೂಕಿನಲ್ಲಿ ಯಾರ ಹೊಲವೂ ಯಾರಿಗೂ ದಕ್ಕುತ್ತಿರಲಿಲ್ಲ. ಪಟೇಲ ರಂಗೇಗೌಡರು ತುಮಕೂರಿನಿಂದ ದೊಡ್ಡ ವಕೀಲರನ್ನು ಕರೆತರಬಹುದು. ನನ್ನ ಕನ್ನಡಕ ಒಡೆಯಬಹುದು. ನಾಲಿಗೆ ಒಣಗಿ ನನಗೇ ಮಾತು ಹೊರಡದಿರಬಹುದು. ಮಳೆ ಬಂದು ಕಡತ ನೆನೆಯಬಹುದು. ನಮ್ಮ ಸೀಮೆಯಲ್ಲಿ ಮಳೆ ಬಂದೀತೆಂದು ಹೆದರಿದವನು ನಾನೊಬ್ಬನೇ ಇರಬೇಕು.

ಎಲ್ಲಕ್ಕೂ ಉಪಾಯ ಮಾಡಿಕೊಂಡಿದ್ದೆ. ಜೇಬಿನಲ್ಲಿ ಎರಡನೆಯ ಕನ್ನಡಕವಿತ್ತು. ಕಾಗದದ ನಕಲನ್ನು ಮೂರು ಸಲ ಬರೆದು ಮೂರು ಕಡೆ ಇಟ್ಟಿದ್ದೆ. ಕಡತಕ್ಕೆ ಮೇಣದ ಬಟ್ಟೆ ಸುತ್ತಿದ್ದೆ. ಇವುಗಳಲ್ಲಿ ಒಂದೂ ಕೆಡಲಿಲ್ಲ. ಕೆಟ್ಟದ್ದು ಬೇರೆ, ತೀರ ಸಣ್ಣದು. ಅದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ, ಇಂಥವನ ಮಾತು ಮುಂದೆ ಓದುವುದೇಕೆ ಎಂದು ನೀವು ಎದ್ದುಹೋದೀರಿ.

ನಾನು ಮಧುಗಿರಿಯವನು. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಶೈವರ ಮನೆ. ಹಣೆಯ ಮೇಲೆ ವಿಭೂತಿ, ಹೊಟ್ಟೆಯೊಳಗೆ ಪುಕ್ಕಲು. ಮಹಾರಾಜರ ಸರ್ಕಾರದ ರೆವಿನ್ಯೂ ಇಲಾಖೆಯಲ್ಲಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂದು ಸುತ್ತಿ, ಹಳೆಯ ಕಡತ ಓದಿ ಓದಿ ಕಣ್ಣು ಮಂಜಾದ ಕಾರಣ ಐವತ್ತೆರಡಕ್ಕೇ ಪಿಂಚಣಿ ಪಡೆದು ಕೂತಿದ್ದೇನೆ. ಈಗ ಇಲಾಖೆಗೆ ಸೇರುವ ಹುಡುಗರು ಮನೆಗೆ ಬಂದು ಬಡ್ತಿ ಹೇಗೆ ಸಿಕ್ಕಿತು ಎಂದು ಕೇಳುತ್ತಾರೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಮೇಲಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡರು, ನಾನು ಬದುಕಿದ್ದೆ.

ನನ್ನ ಕೆಲಸಕ್ಕೆ ಮಾನ್ಯದ ತನಿಖೆ ಎಂದು ಹೆಸರು. ಊರ ಚಾಕರಿ ಮಾಡುವ ತೋಟಿ, ತಳವಾರ, ನೀರುಗಂಟಿ ಇಂಥವರಿಗೆ ಹಿಂದೆ ಯಾವಾಗಲೋ ಯಾರೋ ಬಿಟ್ಟುಕೊಟ್ಟ ಹೊಲಗಳಿದ್ದವು. ಆ ಹೊಲಕ್ಕೆ ಮಾನ್ಯ ಎನ್ನುತ್ತಿದ್ದರು. ಯಾರು ಕೊಟ್ಟದ್ದು, ಯಾವ ಚಾಕರಿಗೆ ಕೊಟ್ಟದ್ದು, ಈಗ ಯಾರು ಉಳುತ್ತಿದ್ದಾರೆ ಎಂದು ಊರೂರು ತಿರುಗಿ ಕೇಳಿ ಬರೆಯಬೇಕು. ಮೊದಲೆರಡು ಪ್ರಶ್ನೆಗೆ ಊರಿಗೊಂದು ಉತ್ತರ ಸಿಗುತ್ತಿತ್ತು. ಮೂರನೆಯದಕ್ಕೆ ಮಾತ್ರ ಹೆಚ್ಚುಕಡಿಮೆ ಎಲ್ಲ ಊರಲ್ಲೂ ಒಂದೇ ಉತ್ತರ. ಚಾಕರಿ ಮಾಡುವವನು ಚಾಕರಿ ಮಾಡುತ್ತಿದ್ದ. ಹೊಲವನ್ನು ಇನ್ನೊಬ್ಬರು ಉಳುತ್ತಿದ್ದರು.

ಸಿಟ್ಟು ಮಾಡಿಕೊಳ್ಳುವ ಮುಂಚೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವೈ.ಎನ್.ಹೊಸಕೋಟೆಯ ಕಡೆ ಕಲ್ಲುಗುಡ್ಡದ ಮಗ್ಗುಲಲ್ಲಿ ಒಂದು ಗೊಲ್ಲರ ಹಟ್ಟಿ. ಸುತ್ತ ಮುಳ್ಳುಬೇಲಿ, ಒಳಗೆ ಗುಡಿಸಲುಗಳು, ನಡುವೆ ಕುರಿ ಕೂಡುವ ರೊಪ್ಪ. ಹೊಸ ನೌಕರಿಯ ಹುರುಪಿನಲ್ಲಿ ಬೇಸಗೆಯಲ್ಲಿ ಅಲ್ಲಿಗೆ ಹೋದೆ. ಬೊಗಳಲು ಒಂದು ನಾಯಿಯೂ ಇರಲಿಲ್ಲ. ಗುಡಿಸಲುಗಳ ಬಾಗಿಲಿಗೆ ಮುಳ್ಳಿನ ಹೊರೆ ಒರಗಿಸಿತ್ತು. ‘ಜನವಸತಿ ಇಲ್ಲ, ಖರಾಬು’ ಎಂದು, ಅಂದರೆ ಯಾರಿಗೂ ಸೇರದ ಪಾಳು ನೆಲವೆಂದು, ಅಂದವಾದ ಅಕ್ಷರದಲ್ಲಿ ಬರೆದೆ. ನನ್ನ ಅಕ್ಷರವನ್ನು ಮೇಲಿನವರೆಲ್ಲ ಹೊಗಳುತ್ತಿದ್ದರು. ಬೇಸಗೆಯಲ್ಲಿ ಹಟ್ಟಿಗೆ ಹಟ್ಟಿಯೇ ಕುರಿ ಹೊಡೆದುಕೊಂಡು ಮೇವಿನ ಕಡೆ ಹೋಗುತ್ತದೆ, ಮಳೆ ಬಿದ್ದ ಮೇಲೆ ತಿರುಗಿ ಬರುತ್ತದೆ ಎಂಬುದು ಆ ಸೀಮೆಯ ಕುರಿಮರಿಗೂ ಗೊತ್ತಿತ್ತು. ಪರೀಕ್ಷೆ ಪಾಸು ಮಾಡಿದ್ದ ನನಗೆ ಗೊತ್ತಿರಲಿಲ್ಲ.

ಮಾರನೆಯ ವರ್ಷ ಆ ದಾರಿಯಲ್ಲಿ ಹೋಗುವಾಗ ಹಟ್ಟಿ ತುಂಬ ಜನವಿತ್ತು. ಅಷ್ಟರಲ್ಲಿ ಹೊಸಬರೊಬ್ಬರು ದರಖಾಸ್ತು ಹಾಕಿ ನನ್ನ ‘ಖರಾಬ’ನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಾಗಿತ್ತು. ಬೇಲಿಯ ಹೊರಗೆ ಕೂತಿದ್ದ ಅಜ್ಜಿಯೊಬ್ಬಳು ನನ್ನ ಕೋಟು ನೋಡಿಯೇ ಗುರುತು ಹಿಡಿದು, ಆ ಕಡೆಯ ತೆಲುಗು ಬೆರೆತ ಮಾತಿನಲ್ಲಿ ಕೇಳಿದಳು.

“ಏಮಿ ಸಾಮೀ, ಬರೆಯೋ ಸಾಮಿ ನೀವೇನಾ? ಕುರಿ ಮೇಪಕ್ಕೆ ಹೋದ್ರೆ ಮನ್ಷರೇ ಲೇರು ಅಂತ ರಾಸ್ಕೊಂಡ್ಬುಟ್ರಾ?”

“ಯಾರೂ ಇರಲಿಲ್ಲವಲ್ಲ ಅಜ್ಜಿ...”

“ನಮ್ ದೇವ್ರ ಗುಡಿ ಇಲ್ಲೇ ಐತೆ. ನಮ್ ತಾತನೋರ ಸಮಾಧಿ ಇಲ್ಲೇ ಐತೆ. ಸಮಾಧೀನೂ ಕುರಿ ಮೇಸಕ್ಕೆ ಹೋಗಿತ್ತಾ?”

ತಪ್ಪು ತಿದ್ದಬೇಕೆಂದು ಮೇಲಿನವರ ಮುಂದೆ ನಿಂತೆ. ಅವರು ಪ್ರೀತಿಯಿಂದಲೇ ಹೇಳಿದರು: “ನೋಡಪ್ಪ, ಈಗ ತಿದ್ದಿದರೆ ಮೊದಲು ಬರೆದದ್ದು ತಪ್ಪು ಎಂದಾಗುತ್ತದೆ. ಬರೆದವನು ನೀನು. ನೌಕರಿ ಹೊಸದು. ಯೋಚನೆ ಮಾಡು.” ಯೋಚನೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ವಾರವೆಲ್ಲ ಯೋಚಿಸಿ ಸುಮ್ಮನಾದೆ. ಆ ಹಟ್ಟಿ ಈಗ ಅಲ್ಲಿಲ್ಲ. ಬಾಗಿಲು ಮುಚ್ಚಿದ ಮನೆ ಕಂಡರೆ, ಮನೆಯವರು ಎಲ್ಲಿಗೆ ಹೋದರು ಎಂದು ಕೇಳದೆ ‘ಇಲ್ಲ’ ಎಂಬ ಮಾತನ್ನು ಬರೆಯಕೂಡದು ಎಂದು ಅಂದು ಕಲಿತೆ. ಕಲಿತೆ ಎಂದುಕೊಂಡೆ.

ಇನ್ನು ಮಲ್ಲೇಪಾಳ್ಯದ ವಿಷಯ. ಊರಿನ ನಿಜವಾದ ಹೆಸರು ಬೇಡ, ತಾಲ್ಲೂಕಿನದೂ ಬೇಡ, ನಾಲ್ಕರಲ್ಲಿ ಒಂದು. ನಾನು ಮೊದಲು ಆ ಊರಿಗೆ ಹೋದದ್ದು ಒಂದು ಗಡಿಯ ಜಗಳಕ್ಕಾಗಿ. ಗೋಮಾಳ ನಮ್ಮದು ಎಂದು ಮಲ್ಲೇಪಾಳ್ಯದವರು, ನಮ್ಮದು ಎಂದು ಪಕ್ಕದೂರಿನವರು ದೊಣ್ಣೆ ಹಿಡಿದು ನಿಂತಿದ್ದರು. ನಡುವೆ ಕಡತ ಹಿಡಿದು ನಾನು. ದೊಣ್ಣೆ ಮೊದಲು ಯಾರ ತಲೆಗೆ ಬೀಳುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ನಮ್ಮ ಕಡೆ ಎಲ್ಲೆಯ ಜಗಳದಲ್ಲಿ ಕೊನೆಯ ಮಾತು ಕುಳವಾಡಿಯದು. ಕುಳವಾಡಿ ಎಂದರೆ ಊರ ತೋಟಿ, ಆದಿಕರ್ನಾಟಕರ ಕೇರಿಯ ಯಜಮಾನ. ಮಿಂದು, ಒದ್ದೆ ಬಟ್ಟೆಯಲ್ಲಿ, ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲಿಟ್ಟುಕೊಂಡು ಅವನು ಎಲ್ಲೆಯುದ್ದಕ್ಕೂ ನಡೆಯುತ್ತಾನೆ. ಸುಳ್ಳು ಹೆಜ್ಜೆ ಇಟ್ಟರೆ ಉಂಡೆ ಬಿದ್ದು ಒಡೆಯುತ್ತದೆ, ಅವನ ವಂಶ ಮಣ್ಣಾಗುತ್ತದೆ ಎಂದು ನಂಬಿಕೆ. ಅವನು ನಡೆದದ್ದೇ ಗಡಿ. ಎರಡೂ ಊರು ಒಪ್ಪಬೇಕು, ಒಪ್ಪುತ್ತವೆ.

ಮಲ್ಲೇಪಾಳ್ಯದ ಕುಳವಾಡಿ ಗಿರಿಯಪ್ಪ. ಗಿರಿಯಪ್ಪ ಎಂದು ಕಾಗದದಲ್ಲಿ ಬರೆದವನು ನಾನು. ಊರಿಗೆಲ್ಲ ಅವನು ಗಿರಿಯ. ಆಗ ಮೂವತ್ತರ ಆಸುಪಾಸು, ಕಟ್ಟಿಗೆಯಂಥ ಮೈ. ಪಟೇಲ ರಂಗೇಗೌಡರು ಮಾರು ದೂರದಲ್ಲಿ ನಿಂತು ಕೂಗಿದರು:

“ಲೇ ಗಿರಿಯ, ಊರ ಮಾನ ನಿನ್ ತಲೆ ಮ್ಯಾಲೈತೆ ಕಣ್ಲಾ. ನೆಟ್ಟಗೆ ನಡಿ!”

“ನನ್ ತಲೆ ನೆಟ್ಟಗೇ ಐತೆ ಗೌಡ್ರೆ. ಎಲ್ಲೆ ಸೊಟ್ಟಗಿದ್ರೆ ನಾನೇನ್ ಮಾಡ್ಲಿ?” ಎಂದ ಗಿರಿಯಪ್ಪ. ಎರಡೂ ಊರಿನವರು ನಕ್ಕರು. ದೊಣ್ಣೆಗಳು ಸ್ವಲ್ಪ ಇಳಿದವು.

ಅವನು ಕೆಳಗೆ ನೋಡದೆ ನಡೆದ. ಕಾಲಿಗೆ ಜಾಲಿಮುಳ್ಳು ಚುಚ್ಚಿದರೂ ಕತ್ತು ಅಲುಗಲಿಲ್ಲ. ಹಳ್ಳ ದಾಟಿ ಒಂದು ಕಡೆ ನಿಂತು, “ಇಲ್ಲಿ ಅಗೀರಿ” ಎಂದ. ಅಗೆದರೆ ಮೊಳದಾಳದಲ್ಲಿ ಹಳೆಯ ಗಡಿಕಲ್ಲು, ಅದರ ಬುಡದಲ್ಲಿ ಗುರುತಿಗೆ ಹೂತಿದ್ದ ಇದ್ದಿಲು. ಪಕ್ಕದೂರಿನವರು ದೊಣ್ಣೆ ಹೆಗಲಿಗೇರಿಸಿ ಹಿಂದಿರುಗಿದರು. ರಂಗೇಗೌಡರ ಕಣ್ಣಲ್ಲಿ ನೀರು ಬಂದಿತ್ತು, ನಾನೇ ನೋಡಿದೆ. “ಕುಳವಾಡಿಯ ನಡಿಗೆಯೇ ಪ್ರಮಾಣ” ಎಂದು ನಾನು ಬರೆದೆ, ಕಚೇರಿ ಒಪ್ಪಿತು, ಮೊಹರು ಬಿತ್ತು. ಊರಿಗೆ ಗೋಮಾಳ ಉಳಿಯಿತು.

ಕೆಲವು ವರ್ಷಗಳ ಮೇಲೆ ಅದೇ ಊರಿನ ಮಾನ್ಯದ ತನಿಖೆಗೆ ಹೋದೆ. ಕೆರೆಯ ಹಿಂದೆ ಎರಡು ಎಕರೆ ಕಪ್ಪು ನೆಲ, ಕುಳವಾಡಿ ಮಾನ್ಯ ಎಂದು ಬಾಯಿಮಾತಿನಲ್ಲಿ ಎಲ್ಲರೂ ಅನ್ನುತ್ತಿದ್ದರು. ಉಳುತ್ತಿದ್ದವರು ರಂಗೇಗೌಡರು. ಶಾನುಭೋಗರ ಮನೆಯ ಹಳೆಯ ಪುಸ್ತಕದಲ್ಲಿ ಆ ಹೊಲದ ಹಾಳೆಯನ್ನು ಮಾತ್ರ ಗೆದ್ದಲು ತಿಂದಿತ್ತು. ಗೆದ್ದಲಿನಷ್ಟು ವಿವೇಕವುಳ್ಳ ಹುಳುವನ್ನು ನಾನು ಕಂಡಿಲ್ಲ. ನಾಲ್ಕು ತಾಲ್ಲೂಕಿನಲ್ಲೂ ಅದು ಗೌಡರ ಹಾಳೆಗಳನ್ನು ಹುಷಾರಾಗಿ ದಾಟಿಕೊಂಡು ಹೋಗಿ ತೋಟಿಯ ಹಾಳೆಯನ್ನೇ ಹುಡುಕಿ ತಿಂದಿತ್ತು.

ತನಿಖೆ ನಡೆಸುವುದು ಊರ ಚಾವಡಿಯಲ್ಲಿ ಎಂಬುದು ಪದ್ಧತಿ. ರಂಗೇಗೌಡರು ನನಗೆ ಜಮಖಾನ ಹಾಸಿ, ಒಗ್ಗರಣೆ ಹಾಕಿದ ಮಜ್ಜಿಗೆ ಕೊಟ್ಟು, ಪಕ್ಕದಲ್ಲೇ ಕೂತರು. ಗಿರಿಯಪ್ಪ ಚಾವಡಿಯ ಕೆಳಗೆ, ಇಪ್ಪತ್ತು ಹೆಜ್ಜೆ ಆಚೆ, ಬಿಸಿಲಿನಲ್ಲಿ ನಿಂತ. ನಾನು ಪ್ರಶ್ನೆಯನ್ನು ಕೂಗಬೇಕು, ಅವನು ಉತ್ತರವನ್ನು ಕೂಗಬೇಕು, ನಡುವೆ ಊರೆಲ್ಲ ಕೇಳಬೇಕು.

“ಕೆರೆ ಹಿಂದಿನ ಹೊಲ ಯಾರದು?”

“ಗೌಡ್ರು ಹೇಳ್ದಂಗೆ ಬುದ್ಧಿ.”

“ನಿಮ್ಮಪ್ಪ ಉಳುತ್ತಿದ್ದನೆ?”

“ಗೌಡ್ರಿಗೆ ಗೊತ್ತು ಬುದ್ಧಿ.”

“ಕೇಳಿದ್ರಾ ಗುಮಾಸ್ತ್ರೇ? ಬರ್ಕಳಿ, ಬರ್ಕಳಿ. ನಮ್ ಗಿರಿಯ ಸುಳ್ಳಾಡೋ ಪೈಕಿ ಅಲ್ಲ” ಎಂದರು ಗೌಡರು.

ಇಂಥ ಹೇಳಿಕೆಗಳನ್ನು ನಾನು ಎಷ್ಟೋ ವರ್ಷ ಬರೆದುಕೊಂಡು ಬಂದಿದ್ದೇನೆ. ಹೆಬ್ಬೆಟ್ಟು ಒತ್ತಿಸಿ, ದಾರ ಕಟ್ಟಿ, ಚರಿತ್ರೆ ಎಂದು ಕಚೇರಿಯಲ್ಲಿ ಇಟ್ಟಿದ್ದೇನೆ. ನೆಲ ಕಳೆದುಕೊಂಡವನನ್ನು ಬಿಸಿಲಲ್ಲಿ ನಿಲ್ಲಿಸಿ, ನೆಲ ತೆಗೆದುಕೊಂಡವನನ್ನು ಜಮಖಾನದ ಮೇಲೆ ಕೂರಿಸಿ, ನಿಜ ಹೇಳು ಎನ್ನುವ ಈ ಪದ್ಧತಿಯನ್ನು ಯಾರು ಕಂಡುಹಿಡಿದರೋ ಅವರನ್ನು ಒಮ್ಮೆಯಾದರೂ ಹಿಡಿದು ನಿಲ್ಲಿಸಿ ಕೇಳಬೇಕೆಂದಿದೆ. ಆದರೆ ಆ ಜಮಖಾನದ ಮೇಲೆ ಮಜ್ಜಿಗೆ ಕುಡಿಯುತ್ತಿದ್ದವನು ನಾನೇ ಆದ್ದರಿಂದ ಕನ್ನಡಿಯ ಮುಂದೆ ನಿಂತು ಕೇಳಿಕೊಳ್ಳಬೇಕು.

ಆ ದಿನ ಯಾಕೋ ಹೇಳಿಕೆಗೆ ಹೆಬ್ಬೆಟ್ಟು ಒತ್ತಿಸಲಿಲ್ಲ. ಮಾರನೆಯ ಬೆಳಿಗ್ಗೆ, ಗೌಡರು ಹೊಲಕ್ಕೆ ಹೋದ ಹೊತ್ತಿನಲ್ಲಿ, ಕೇರಿಗೆ ನಡೆದೆ. ನಮ್ಮಮ್ಮನಿಗೆ ತಿಳಿದರೆ ಏನಾದೀತು, ಅಮಲ್ದಾರರಿಗೆ ತಿಳಿದರೆ ಏನಾದೀತು, ನಾಯಿ ಕಚ್ಚಿದರೆ ಏನಾದೀತು ಎಂದು ಮೂರು ಕಡೆ ನಿಂತು ನಿಂತು ಹೋದೆ. ಗಿರಿಯಪ್ಪನ ಹೆಂಡತಿ ಪುಟ್ಟಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದವಳು ನನ್ನನ್ನು ನೋಡಿ ಮೊರ ಬಿಟ್ಟು ಎದ್ದಳು.

“ಅಯ್ಯೋ, ದಾರಿ ತಪ್ಪಿ ಬಂದ್ರಾ ಬುದ್ಧಿ?”

“ಇಲ್ಲಮ್ಮ. ಇಲ್ಲಿಗೇ ಬಂದೆ.”

ಒರಳುಕಲ್ಲಿನ ಮೇಲೆ ಕೂತೆ. ಗಿರಿಯಪ್ಪ ಗೋಡೆಗೆ ಒರಗಿದ. ಪುಟ್ಟಮ್ಮನೇ ಹೇಳಿದಳು:

“ಪಿಲೇಗು ಬಂದಾಗ ಊರೆಲ್ಲ ಬಯಲಾಗೆ ಗುಡ್ಲು ಹಾಕ್ಕೊಂಡಿತ್ತಂತೆ. ನಮ್ ಮಾವ ಹೋಗ್ಬುಟ್ಟ. ಇವ್ನು ಕೈಕೂಸು. ‘ಕೂಸು ದೊಡ್ಡದಾಗೋ ಗಂಟ ಹೊಲ ನಾನು ನೋಡ್ಕತೀನಿ’ ಅಂದ್ರಂತೆ ದೊಡ್ಡಗೌಡ್ರು, ಈಗಿನ ಗೌಡ್ರ ಅಪ್ಪ. ಕೂಸಿಗೀಗ ತಲೆ ನರೀತಾ ಐತೆ ಬುದ್ಧಿ. ಅವ್ರು ಇನ್ನೂ ನೋಡ್ಕತಾನೇ ಅವ್ರೆ.”

“ಲೇ, ಸುಮ್ಕಿರೇ” ಎಂದ ಗಿರಿಯಪ್ಪ.

“ನಾನ್ಯಾಕೆ ಸುಮ್ಕಿರ್ಲಿ? ಊರ ಎಲ್ಲೆಗೆ ಮಣ್ಣು ಹೊತ್ತು ನಡೆದ್ಯಲ್ಲ, ನಿನ್ ಹೊಲಕ್ಕೆ ಒಂದು ಕಿತ ನಡಿ ನೋಡಾನ. ಆಗ ಯಾರು ಒಪ್ತಾರೆ ನೋಡಾನ!”

ಇದನ್ನೇ ಕಚೇರಿಯಲ್ಲಿ ಹೇಳಿದೆ. ಹೊಸದಾಗಿ ಬಂದಿದ್ದ ಅಮಲ್ದಾರರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. “ಅವನ ಹೊಲಕ್ಕೆ ಅವನೇ ನಡೆದರೆ ಅದು ಹೇಗೆ ಸಾಕ್ಷಿಯಾಗುತ್ತದೆ? ಅವನಿಗೆ ಲಾಭವಿದೆಯಲ್ಲ. ಕಾಗದ ಇದ್ದರೆ ತರಲಿ.” ಗೌಡರ ಊರಿಗೆ ಗೋಮಾಳ ಉಳಿಸಿಕೊಡುವಾಗ ಇವನ ತಲೆ ಸರ್ಕಾರದ ಮೊಹರಿಗೆ ಸಮ. ಇವನ ಎರಡು ಎಕರೆಗೆ ಅದೇ ತಲೆ, ಅದೇ ಕಾಲು, ಅದೇ ಮಣ್ಣು ಸಾಲದು. ಇದನ್ನು ಈಗ ಬರೆಯುತ್ತಿದ್ದೇನೆ. ಅಂದು ಮಾತ್ರ “ಅಪ್ಪಣೆ” ಎಂದು ತಲೆಬಾಗಿ ಹೊರಗೆ ಬಂದೆ.

ಕೇರಿಯಲ್ಲಿ ಕೂತ ಆ ಬೆಳಿಗ್ಗೆ ಇನ್ನೊಂದು ಆಯಿತು. ಬಿಸಿಲೇರಿ ನನಗೆ ವಿಪರೀತ ಬಾಯಾರಿತ್ತು. ಎದುರಿಗೇ ಮಣ್ಣಿನ ಗಡಿಗೆ. ಪುಟ್ಟಮ್ಮ ಒಮ್ಮೆ ಗಡಿಗೆಯನ್ನು, ಒಮ್ಮೆ ನನ್ನ ತುಟಿಯನ್ನು ನೋಡಿದಳು. “ನೀವು ಕೇಳಕ್ಕಾಗಕಿಲ್ಲ, ನಾವು ಕೊಡಕ್ಕಾಗಕಿಲ್ಲ. ಏನ್ ಕಷ್ಟ ಬುದ್ಧಿ ನಿಮ್ದು!” ಎಂದಳು. ನಾನು ನಕ್ಕೆ. ನೀರು ಕೇಳಲಿಲ್ಲ. ಕೇಳಬೇಕಾಗಿತ್ತು.

ಎದ್ದು ಹೊರಡುವಾಗ ಗಿರಿಯಪ್ಪ ಮೊದಲ ಸಲ ತಾನಾಗಿ ಬಾಯಿ ಬಿಟ್ಟ. “ನಮ್ ಹೊಲದ ಮೂಡ್ಲಾಗೆ ಸಾಬ್ರ ಹುಣಸೆ ತೋಪೈತೆ ಬುದ್ಧಿ. ಸಿರಾದ ಸಾಬ್ರು. ಕಾಯಿ ಬಡಿಯೋ ಕಾಲಕ್ಕೆ ಬತ್ತಾರೆ. ಅವ್ರ ತಾವ ಹಳೇ ಕಾಗ್ದ ಐತೆ ಅಂತಾರೆ.”

ಹುಡುಗರೆ, ನನ್ನ ಇಡೀ ನೌಕರಿಯಲ್ಲಿ ನಾನು ಕಲಿತ ಒಂದೇ ವಿದ್ಯೆ ಇದು, ಕಲಿಸಿದವನು ಓದು ಬಾರದ ಕುಳವಾಡಿ. ಇಲ್ಲದವರ ಚರಿತ್ರೆಯನ್ನು ಅವರ ಪೆಟ್ಟಿಗೆಯಲ್ಲಿ ಹುಡುಕಬಾರದು. ಅವರಿಗೆ ಪೆಟ್ಟಿಗೆಯೇ ಇರುವುದಿಲ್ಲ. ಪಕ್ಕದ ಹೊಲದವನ ಕಾಗದ ತೆಗೆಸಬೇಕು. ಹೊಲದ ನಾಲ್ಕು ದಿಕ್ಕಿಗೆ ಯಾರ ಯಾರ ನೆಲವಿದೆ ಎಂದು ಬರೆದ ಸಾಲಿಗೆ ಚೆಕ್ಕುಬಂದಿ ಎನ್ನುತ್ತಾರೆ. ಅದನ್ನು ಯಾರೂ ಲಕ್ಷ್ಯವಿಟ್ಟು ಓದುವುದಿಲ್ಲ, ಆದ್ದರಿಂದ ಯಾರೂ ತಿದ್ದಿರುವುದೂ ಇಲ್ಲ.

ದಸ್ತಗೀರ್ ಸಾಹೇಬರು ಸಿರಾ ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವರು. ನಾನು ಹೋದಾಗ ತಿದಿ ಒತ್ತುತ್ತ ಕೂತಿದ್ದರು. ಬಂದ ಕಾರಣ ಹೇಳಿದ ಕೂಡಲೇ ತಿದಿ ನಿಂತಿತು.

“ಕಾಗಜ್ ಐತೆ. ಕೊಡೋದಿಲ್ಲ.”

“ನಕಲು ಮಾಡಿಕೊಂಡು...”

“ನಿಮ್ಮಂಥೋರೇ ಒಬ್ರು ಬಂದಿದ್ರು, ಇಂಥಾದ್ದೇ ಕೋಟು. ಇನ್ನೊಂದು ಕಾಗಜ್ ತಗೊಂಡೋದ್ರು, ನಾಳೆ ಕೊಡ್ತೀನಿ ಅಂತ. ನಮ್ ಅಬ್ಬಾ ಖಬರಸ್ತಾನಕ್ಕೆ ಹೋಗೋ ತಂಕ ಆ ನಾಳೆ ಬರ್ಲಿಲ್ಲ.”

ಕೊನೆಗೆ ಒಂದು ಷರತ್ತಿನ ಮೇಲೆ ಕಾಗದವಿದ್ದ ಬಿದಿರಿನ ಕೊಳವೆ ಹೊರಗೆ ಬಂತು. ನಾನು ಮುಟ್ಟಕೂಡದು, ಅವರು ಹಿಡಿದಿರುತ್ತಾರೆ, ನಾನು ಓದಬೇಕು. ಕಲಾಯಿ ಮಸಿ ಹತ್ತಿದ ಎರಡು ಹೆಬ್ಬೆರಳಿನ ನಡುವೆ ಆ ಹಳದಿ ಕಾಗದ ಬಿಚ್ಚಿಕೊಂಡಿತು. ತೋಪಿನ ಚೆಕ್ಕುಬಂದಿಯ ಸಾಲಿನಲ್ಲಿ, ಪಡುವಲ ದಿಕ್ಕಿಗೆ, ‘ಕುಳವಾಡಿ ಕರಿಯನ ಮಾನ್ಯದ ಹೊಲ’ ಎಂದಿತ್ತು. ಕರಿಯ ಗಿರಿಯಪ್ಪನ ಮುತ್ತಾತ. ನಾನು ಎರಡು ಸಲ ಗಟ್ಟಿಯಾಗಿ ಓದಿ ಬರೆದುಕೊಂಡೆ. ಸಾಹೇಬರು ಕಾಗದ ಸುರುಳಿ ಸುತ್ತಿ, “ಅಷ್ಟೇನಾ? ಇದು ನಮ್ಗೆ ಮೊದ್ಲೇ ಗೊತ್ತಿತ್ತಲ್ರೀ. ಯಾರೂ ಕೇಳ್ಲಿಲ್ಲ” ಎಂದರು. ವಿಚಾರಣೆಯ ದಿನ ಕಾಗದದ ಜೊತೆ ತಾವೂ ಬರುವುದಾಗಿ ಮಾತು ಕೊಟ್ಟರು.

ವಿಚಾರಣೆಯ ದಿನ ಗೊತ್ತಾಯಿತು. ನಾನೇ ಕೇರಿಗೆ ಹೋಗಿ ಗಿರಿಯಪ್ಪನಿಗೆ ಬಾಯಲ್ಲಿ ಹೇಳಿಬರಬಹುದಿತ್ತು. ಒಂದು ಸಲ ಹೋದದ್ದಕ್ಕೇ ಕಚೇರಿಯಲ್ಲಿ ನನ್ನ ಲೋಟವನ್ನು ಬೇರೆ ಇಟ್ಟಿದ್ದರು. ತನಿಖೆ ಮಾಡುವವನೇ ವಾದಿಯನ್ನು ಕೈಹಿಡಿದು ಕರೆತಂದ ಎಂದು ಗೌಡರು ಮೇಲಕ್ಕೆ ಬರೆದರೆ? ಗೆಲ್ಲುವ ಮೊಕದ್ದಮೆ ಆ ಒಂದು ಕಾರಣಕ್ಕೇ ಬಿದ್ದುಹೋದರೆ? ಬೇಡ, ಎಲ್ಲವೂ ಕಾಯಿದೆ ಪ್ರಕಾರವೇ ಆಗಲಿ ಎಂದು ಅಚ್ಚುಕಟ್ಟಾಗಿ ನೋಟೀಸು ಬರೆದು, ಲಕೋಟೆಗೆ ಹಾಕಿ, ವಿಳಾಸ ಬರೆದು, ಟಪಾಲಿಗೆ ಕೊಟ್ಟೆ.

ಆ ದಿನ ಬಸ್ಸು ಬಂತು. ಸಾಹೇಬರು ಬಿಳಿ ಟೋಪಿ ಹಾಕಿಕೊಂಡು, ಕೊಳವೆಯನ್ನು ಕೂಸಿನಂತೆ ಎದೆಗೆ ಅವುಚಿಕೊಂಡು ಇಳಿದರು. ಅಮಲ್ದಾರರ ಹೊಟ್ಟೆ ಶಾಂತವಾಗಿತ್ತು. ಗೌಡರು ವಕೀಲರಿಲ್ಲದೆ, ಜರಿಯ ಪೇಟ ಸುತ್ತಿ, ಒಬ್ಬರೇ ಬಂದಿದ್ದರು. ಅಮಲ್ದಾರರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, “ಸಾಚಾ ಕಾಗದವೇ” ಎಂದರು.

“ವಾದಿ ಎಲ್ಲಿ? ಕರೆಯಿರಿ.”

ಜವಾನ ಮುಂಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ: “ಮಲ್ಲೇಪಾಳ್ಯದ ಗಿರಿಯಪ್ಪಾ!” ಯಾರೂ ಬರಲಿಲ್ಲ. ಗೌಡರು ಕೈಮುಗಿದರು.

“ಅವ್ನು ಊರಾಗಿಲ್ಲ ಮಾಸ್ವಾಮಿ. ತಮ್ಮ ಮುಂದೆ ಸುಳ್ಳು ಹೇಳ್ತೀನಾ? ನೋಟೀಸು ಜಾರಿ ಆಗ್ಲಿಲ್ಲ, ವಾಪಸ್ ಕಳಿಸಿವ್ನಿ. ಈವತ್ತಿನ ಟಪಾಲಾಗೆ ಬಂದಿರಬೇಕು.”

ಟಪಾಲು ಗುಮಾಸ್ತರು ಚೀಲ ಬಿಚ್ಚಿದರು. ನನ್ನ ಲಕೋಟೆ ಅದರಲ್ಲಿತ್ತು. ಮೇಲೆ ಗೌಡರ ಷರಾ: ‘ಆಸಾಮಿ ಊರಲ್ಲಿ ಸಿಗಲಿಲ್ಲ.’ ಅಮಲ್ದಾರರು ಗಡಿಯಾರ ನೋಡಿದರು. ವಾದಿಗೆ ಆಸಕ್ತಿ ಇಲ್ಲದ್ದರಿಂದ, ಹಾಜರಾಗದ್ದರಿಂದ, ಹೊಲ ಅನುಭವದಲ್ಲಿರುವವರ ಸ್ವಾಧೀನದಲ್ಲೇ ಮುಂದುವರಿಯತಕ್ಕದ್ದು ಎಂದು ಬರೆಸಿ ರುಜು ಹಾಕಿದರು. ಗೌಡರು ಮೆಟ್ಟಿಲಿಳಿದು ಹೋದರು. ಕೊಳವೆ ಹಿಡಿದ ಸಾಹೇಬರು ನನ್ನ ಮುಖ ನೋಡುತ್ತ ನಿಂತರು.

ಆಗ ಟಪಾಲು ಗುಮಾಸ್ತರು ಒಂದು ಚೀಟಿ ಚಾಚಿದರು. “ಇದಕ್ಕೊಂದು ರುಜು ಹಾಕಿ ಮಾರಾಯರೆ. ಮಲ್ಲೇಪಾಳ್ಯದ ತೋಟಿ ಟಪಾಲು ತಂದವನು ರಸೀತಿಗೆ ಹಿಂದೆ ಕಾಯ್ತಾ ಇದಾನೆ.”

ಚೀಟಿಯನ್ನೂ ಲಕೋಟೆಯನ್ನೂ ಹಿಡಿದುಕೊಂಡೇ ಕಚೇರಿಯ ಹಿತ್ತಲಿಗೆ ಓಡಿದೆ. ತೋಟಿಗಳು ಮುಂಬಾಗಿಲಿಗೆ ಬರುವ ಹಾಗಿರಲಿಲ್ಲ. ಹೊಂಗೆ ಮರದ ಕೆಳಗೇ ಅವರ ಜಾಗ. ಗಿರಿಯಪ್ಪ ಅಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ, ಚೀಲ ಹೊರಲು ತಲೆಗಿಟ್ಟುಕೊಂಡಿದ್ದ ಬಟ್ಟೆಯ ಸಿಂಬಿ.

“ಯಾವಾಗ ಬಂದೆಯೋ?”

“ಬಿಸ್ಲು ಏರಕ್ ಮುಂಚೇನೆ ಬುದ್ಧಿ. ಅರ್ಜೆಂಟು ಟಪಾಲು, ರಸೀತಿ ಇಲ್ದೆ ಬಂದ್ರೆ ಊರೊಳಿಕ್ಕೆ ಬರಬ್ಯಾಡ ಅಂದ್ರು ಗೌಡ್ರು.”

“ಇವತ್ತು ನಿನ್ನ ವಿಚಾರಣೆ ಕಣಯ್ಯ! ಮೂರು ಸಲ ಕೂಗಿದರಲ್ಲ!”

“ಗಿರಿಯಪ್ಪ ಗಿರಿಯಪ್ಪ ಅಂತ ಯಾರೋ ಕೂಗಿದ್ದು ಕೇಳ್ತು. ಯಾರೋ ದೊಡ್ಡೋರಿರ್ಬೇಕು ಅಂದ್ಕಂಡೆ. ನನ್ಗ್ಯಾರು ಅಪ್ಪ ಸೇರ್ಸಿ ಕೂಗ್ತಾರೆ ಬುದ್ಧಿ?”

ನನ್ನ ಕೈಯಲ್ಲಿದ್ದ ಲಕೋಟೆಯನ್ನು ಅವನು ನೋಡಿದ. ಅದೇನೆಂದು ಹೇಳಿದೆ.

“ನಾನು ಸಿಗ್ಲಿಲ್ಲ ಅನ್ನೋ ಕಾಗ್ದನ ನಾನೇ ಹೊತ್ಕಂಡ್ ಬಂದ್ನಾ?”

ನನ್ನ ಹಿಂದೆ ಬಂದಿದ್ದ ಸಾಹೇಬರು ಹಣೆ ಬಡಿದುಕೊಂಡರು. “ತೌಬಾ! ಆದ್ಮಿ ಇಲ್ಲೇ ಕೂತವ್ನೆ. ಇಲ್ಲ ಅಂತ ಬರೀತೀರಲ್ರೀ!”

ಒಳಗೆ ಓಡಿ ಅಮಲ್ದಾರರ ಮುಂದೆ ನಿಂತೆ. ಜೀವಮಾನದಲ್ಲಿ ಒಂದೇ ಸಲ, ಮೇಲಧಿಕಾರಿಯ ಎದುರು ದನಿ ಏರಿಸಿದೆ. “ಇಲ್ಲೇ ಇದ್ದಾನೆ ಸ್ವಾಮಿ! ಬೆಳಗಿನಿಂದ ನಮ್ಮ ಹಿತ್ತಲಲ್ಲೇ ಇದ್ದಾನೆ!”

“ಹಾಗಾದರೆ ಒಳಗೆ ಬಂದು ಹಾಜರಾಗಬೇಕಿತ್ತು.”

“ಅವನನ್ನು ಒಳಗೆ ಬಿಡುವುದಿಲ್ಲವಲ್ಲ ಸ್ವಾಮಿ!”

ಅಮಲ್ದಾರರು ಪೆನ್ನಿನ ಮೊನೆ ಒರೆಸಿ ಮುಚ್ಚಳ ಹಾಕಿದರು. “ರುಜು ಆಯಿತು. ಮೇಲ್ಮನವಿ ಮಾಡಿಕೊಳ್ಳಲಿ.”

ಮೇಲ್ಮನವಿಯನ್ನು ನಾನೇ ಬರೆದುಕೊಟ್ಟೆ, ಕಾಯಿದೆ ಏನಾದರೂ ಹೇಳಿಕೊಳ್ಳಲಿ ಎಂದು. ನಾನು ಪಿಂಚಣಿ ಪಡೆಯುವ ದಿನದವರೆಗೂ ಅದು ಜಿಲ್ಲೆಯ ಯಾವುದೋ ಕಟ್ಟಿನಲ್ಲಿ ದಾರ ಬಿಚ್ಚಿಸಿಕೊಳ್ಳದೆ ಕೂತಿತ್ತು. ರಂಗೇಗೌಡರು ಆ ಹೊಲವನ್ನು ಈಗಲೂ ನೋಡಿಕೊಳ್ಳುತ್ತಿದ್ದಾರೆ.

ಆ ದಿನ ತಿರುಗಿ ಹೊಂಗೆ ಮರದ ಹತ್ತಿರ ಹೋದಾಗ ಗಿರಿಯಪ್ಪ ಸಿಂಬಿಯನ್ನು ಬಿಚ್ಚಿ ತಲೆಗೆ ಸುತ್ತಿಕೊಂಡಿದ್ದ. ಆದದ್ದನ್ನು ಹೇಳಿದೆ. ಅವನು ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

“ಅವತ್ತು ಮಣ್ಣು ಹೊತ್ತಾಗ ಬೀಳ್ದಂಗೆ ನಡೆದೆ. ಈವತ್ತೂ ಅಂಗೇ ನಡೆದೆ ಬುದ್ಧಿ. ಒಂದು ಕಾಗ್ದನೂ ಬೀಳಿಸ್ಲಿಲ್ಲ” ಎಂದ. ಆಮೇಲೆ ಕೈ ಚಾಚಿದ. “ರಸೀತಿ ಕೊಡಿ. ಹೊತ್ತಾಯ್ತು.”

‘ಟಪಾಲು ಸರಿಯಾಗಿ ತಲುಪಿದೆ’ ಎಂಬ ಚೀಟಿಗೆ ರುಜು ಹಾಕಿ ಕೊಟ್ಟೆ.

ಆ ಲಕೋಟೆ ನನ್ನ ಹತ್ತಿರ ಇದೆ. ಕಡತದಿಂದ ತೆಗೆದುಕೊಂಡು ಬಂದೆ. ನೌಕರಿಯಲ್ಲಿ ನಾನು ಮಾಡಿದ ಒಂದೇ ಕಳ್ಳತನ. ಬಸ್ಸು ಕೆಡಲಿಲ್ಲ, ಹುಳು ತಿನ್ನಲಿಲ್ಲ, ಕನ್ನಡಕ ಒಡೆಯಲಿಲ್ಲ, ಮಳೆಯಂತೂ ಬರಲಿಲ್ಲ. ಲಕೋಟೆಯ ಮೇಲೆ ಗಿರಿಯಪ್ಪನ ಹೆಸರಿದೆ, ಊರಿದೆ, ಹೋಬಳಿಯಿದೆ. ಅದರ ಕೆಳಗೆ ಎಡಗಡೆ, ಎಲ್ಲರೂ ಹೊಗಳುತ್ತಿದ್ದ ನನ್ನ ಅಂದವಾದ ಅಕ್ಷರದಲ್ಲಿ, ಅಷ್ಟು ವರ್ಷದ ಅಭ್ಯಾಸದಿಂದ ಕೈ ತಾನಾಗಿ ಬರೆದ ಎರಡು ಪದಗಳಿವೆ: ಪಟೇಲರ ಮುಖಾಂತರ.